ಪಿಸ್ತೂಲ್ ಲೈಸೆನ್ಸ್: ‘ವರದಿ ಬಂದಿಲ್ಲ’ ಅನ್ನೋ ಉತ್ತರಕ್ಕ ಮುಂದೇನು?

ಕರಿಮಣ್ಣು, ಕುಂದಗೋಳ

ಹುಬ್ಬಳ್ಳಿ-ಧಾರವಾಡ ಇರಲಿ, ಗದಗ ಇರಲಿ, ಹಾವೇರಿ ಇರಲಿ, .32 ರಿವಾಲ್ವರ್ ಅಥವಾ ಪಿಸ್ತೂಲಿಗೆ ಅರ್ಜಿ ಹಾಕಿದವರ ಗೋಳು ಒಂದೇ ನಮೂನಿ ಐತಿ. ಅರ್ಜಿ ತಗೋತಾರ, ಠಾಣೆಗೆ ಕಳಿಸ್ತಾರ, ಜಬಾಬು ಬರ್ಕೋತಾರ. ಅಲ್ಲಿಂದ ಮುಂದ ಸದ್ದಿಲ್ಲ. ಕಚೇರಿಗೆ ಹೋಗಿ ಕೇಳಿದ್ರ ‘ಪೊಲೀಸ್ ವರದಿ ಬಂದಿಲ್ಲ’. ಠಾಣೆಗೆ ಹೋದ್ರ ‘ನಾವು ಎಂದೋ ಕಳಿಸೇವಿ’. ಕೊಡ್ತೀವಿ ಅಂತ ಯಾರೂ ಹೇಳಂಗಿಲ್ಲ, ಕೊಡಂಗಿಲ್ಲ ಅಂತ ಬರೆದೂ ಕೊಡಂಗಿಲ್ಲ.

ಕೇಳೋದು ಇಷ್ಟ: ಕಾನೂನಿನ್ಯಾಗ ಇದಕ್ಕ ದಿನದ ಲೆಕ್ಕ ಐತೇನು? ಕಡತ ನಿಂತಿದ್ದು ಯಾವ ಮೇಜಿನ ಮ್ಯಾಲ ಅಂತ ತಿಳಕೊಳ್ಳೋದು ಹೆಂಗ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ವಕೀಲಿ ಮೇಜು, ಧಾರವಾಡ

ದಿನದ ಲೆಕ್ಕ ಇದೆ. ಅದರಲ್ಲಿ ಒಂದು ತೂತೂ ಇದೆ. ಎರಡನ್ನೂ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಶಸ್ತ್ರಾಸ್ತ್ರ ಕಾಯ್ದೆ 1959ರ 13ನೇ ಕಲಂ ಪ್ರಕಾರ ಅರ್ಜಿ ಬಂದ ಮೇಲೆ ಲೈಸೆನ್ಸ್ ಪ್ರಾಧಿಕಾರ ಹತ್ತಿರದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು. ಶಸ್ತ್ರಾಸ್ತ್ರ ನಿಯಮಗಳು 2016 ಆ ವರದಿಗೆ 30 ದಿನ ಕೊಟ್ಟಿವೆ. ವರದಿ ಕೈಸೇರಿದ ಮೇಲೆ ಮಂಜೂರು ಅಥವಾ ನಿರಾಕರಣೆ ಎಂದು ಆದೇಶ ಮಾಡಲು ಪ್ರಾಧಿಕಾರಕ್ಕೆ 60 ದಿನ.

ತೂತು ಇರುವುದು ಇಲ್ಲೇ. 60 ದಿನದ ಗಡಿಯಾರ ಶುರುವಾಗುವುದು ವರದಿ ಬಂದ ದಿನದಿಂದ. ವರದಿಯೇ ಬರದಿದ್ದರೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆಯೇ ಆಗುವುದಿಲ್ಲ. ‘ವರದಿ ಬಂದಿಲ್ಲ’ ಎಂಬ ಮಾತು ಕಚೇರಿಗಳಿಗೆ ಅಷ್ಟು ಅನುಕೂಲವಾಗಿರುವುದಕ್ಕೆ ಇದೇ ಕಾರಣ.

ಆದರೆ ಅದೇ ಕಲಮಿನ 2ಎ ಉಪಕಲಂಗೆ ಒಂದು ಪರಂತುಕ, ಅಂದರೆ ‘ಆದರೆ’ ಎಂದು ಶುರುವಾಗುವ ವಿನಾಯಿತಿ, ಇದೆ. ನಿಗದಿತ ಅವಧಿಯೊಳಗೆ ಠಾಣಾಧಿಕಾರಿ ವರದಿ ಕಳಿಸದಿದ್ದರೆ, ಪ್ರಾಧಿಕಾರ ಸೂಕ್ತವೆನಿಸಿದಲ್ಲಿ ವರದಿಗೆ ಕಾಯದೆ ಆದೇಶ ಮಾಡಬಹುದು. ‘ಮಾಡಬಹುದು’ ಎಂದಿದೆ, ‘ಮಾಡಲೇಬೇಕು’ ಎಂದಿಲ್ಲ. ಅವಧಿ ಮೀರಿತೆಂದು ಲೈಸೆನ್ಸ್ ತಾನಾಗಿ ಮಂಜೂರಾಗುವುದೂ ಇಲ್ಲ, ಆ ಭ್ರಮೆ ಬೇಡ. ಆದರೂ ಈ ಪರಂತುಕವನ್ನು ಉಲ್ಲೇಖಿಸಿ ಲಿಖಿತ ಮನವಿ ಕೊಟ್ಟರೆ, ವರದಿ ಇಲ್ಲದ್ದರಿಂದ ಕೈಕಟ್ಟಿದೆ ಎನ್ನುವ ನೆಪ ಕಾಗದದ ಮೇಲೆ ಉಳಿಯುವುದಿಲ್ಲ.

ಇನ್ನೊಂದು, 14ನೇ ಕಲಂ 3ನೇ ಉಪಕಲಂ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಅರ್ಜಿದಾರ ಕೇಳಿದರೆ ಆ ಕಾರಣದ ಸಂಕ್ಷಿಪ್ತ ಹೇಳಿಕೆ ಕೊಡಬೇಕು. ಕೊಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎನಿಸಿದಾಗ ಮಾತ್ರ ವಿನಾಯಿತಿ. ಬಂದೂಕು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಮೂಲಭೂತ ಹಕ್ಕಲ್ಲ. ಆದರೆ ಹಾಕಿದ ಅರ್ಜಿಯ ಮೇಲೆ ಕಾರಣಸಹಿತ ಆದೇಶ ಕೇಳುವ ಹಕ್ಕು ಖಂಡಿತ ಇದೆ. ಜಗಳ ಮಾಡುವುದಾದರೆ ಇದಕ್ಕಾಗಿ ಮಾಡಿ.

ಹಳೇ ಟಪಾಲು

ಕಾನೂನು ಮೇಲೆ ಬಂತು. ಈಗ ಕಡತ ನಡೆಯೋ ಹಾದಿ ಹೇಳ್ತೀನ್ರಿ, ಯಾಕಂದ್ರ ಅದು ಕಳೆಯೋದು ಹಾದಿಯೊಳಗ.

ಡಿ.ಸಿ. ಕಚೇರಿ ದಂಡಾಧಿಕಾರ ಶಾಖೆಯಿಂದ ಹೊರಟ ಪತ್ರ ನೇರ ಠಾಣೆಗೆ ಬರಂಗಿಲ್ಲ. ಡಿ.ಸಿ.ಯಿಂದ ಎಸ್.ಪಿ., ಎಸ್.ಪಿ.ಯಿಂದ ಡಿ.ವೈ.ಎಸ್.ಪಿ., ಅಲ್ಲಿಂದ ಸಿ.ಪಿ.ಐ., ಅಲ್ಲಿಂದ ಪಿ.ಎಸ್.ಐ. ವರದಿ ಅದೇ ಮೆಟ್ಟಿಲು ಹತ್ತಿ ವಾಪಸ್ ಹೋಗಬೇಕು. ಅವಳಿ ನಗರದ ಪೊಲೀಸ್ ಆಯುಕ್ತಾಲಯದಾಗ ಡಿ.ಸಿ.ಪಿ., ಎ.ಸಿ.ಪಿ., ಇನ್ಸ್‌ಪೆಕ್ಟರ್. ಒಂದೊಂದು ಮೆಟ್ಟಿಲಿನ್ಯಾಗೂ ಒಂದು ಆವಕ (ಒಳಬಂದ) ನಂಬರ್, ಒಂದು ಜಾವಕ (ಹೊರಹೋದ) ನಂಬರ್. ಠಾಣೆಯವರು ‘ಕಳಿಸೇವಿ’ ಅಂದದ್ದೂ ಖರೇ, ಡಿ.ಸಿ. ಕಚೇರಿಯವರು ‘ಬಂದಿಲ್ಲ’ ಅಂದದ್ದೂ ಖರೇ. ನಡುವಿನ ಮೂರು ಕಚೇರಿಗಳೊಳಗ ಯಾವುದೋ ಒಂದರಾಗ ಕಾಗದ ಕೂತಿರತದ.

ಅದಕ್ಕ ‘ವರದಿ ಏನಾತ್ರಿ?’ ಅಂತ ಕೇಳಬ್ಯಾಡ್ರಿ. ‘ಜಾವಕ ನಂಬರ್ ಎಷ್ಟು, ಯಾವ ತಾರೀಖು, ಯಾರಿಗೆ ಕಳಿಸೀರಿ?’ ಅಂತ ಕೇಳ್ರಿ. ಆ ನಂಬರ್ ಹಿಡಿದು ಮುಂದಿನ ಕಚೇರಿ ಆವಕ ವಹಿಯೊಳಗ ಹುಡುಕಿಸ್ರಿ. ಮೂರು ನಂಬರ್ ಸಿಕ್ಕರ ನಾಲ್ಕನೇ ಮೇಜು ತಾನ ಗೊತ್ತಾಗತದ.

ಕಡತ ತಿರುಗಿ ಕೆಳಗ ಬೀಳೋ ಕಾರಣ ಮೂರು ಅದಾವ್ರಿ. ಮೊದಲನೇದು, ಅಭಿಪ್ರಾಯ ಇಲ್ಲದ ವರದಿ. ‘ಅರ್ಜಿದಾರರ ಮೇಲೆ ಯಾವುದೇ ಪ್ರಕರಣ ಇರುವುದಿಲ್ಲ, ತಮ್ಮ ಹಂತದಲ್ಲಿ ತೀರ್ಮಾನಿಸಬಹುದು’ ಅಂತ ಬರೆದು ಕೈತೊಳಕೊಂಡಿರ್ತಾರ. ಮೇಲಿನವರು ‘ಸ್ಪಷ್ಟ ಅಭಿಪ್ರಾಯದೊಂದಿಗೆ ಮರುಸಲ್ಲಿಸಿ’ ಅಂತ ವಾಪಸ್ ಒಗೀತಾರ. ಎರಡನೇದು ವರ್ಗಾವಣೆ. ಜಬಾಬು ಬರ್ಕೊಂಡ ಅಧಿಕಾರಿ ಸಹಿ ಹಾಕೋದರೊಳಗ ಬೇರೆ ಊರಿಗೆ ಹೋದ್ರ, ಹೊಸಬರು ಸ್ಥಾನಿಕ ಚೌಕಶಿ ಮೊದಲಿಂದ ಮಾಡ್ತಾರ. ಮೂರನೇದು ಹೆಸರು. ಆಧಾರದಾಗ ಒಂದು, ಉತಾರದಾಗ ಇನ್ನೊಂದು, ಅಡ್ಡಹೆಸರು ಒಂದರಾಗ ಐತಿ ಒಂದರಾಗ ಇಲ್ಲ. ನಮ್ಮ ಭಾಗದಾಗ ಇದು ಭಾಳ. ಅಪರಾಧ ದಾಖಲೆ ಹುಡುಕೋವಾಗ ಎರಡು ಹೆಸರಿದ್ರ ಎರಡೂ ಹೆಸರಿಗೆ ಹುಡುಕಬೇಕಾಗತದ, ಅಲ್ಲಿಗೆ ಕಡತ ನಿಂತಂಗ. ಅರ್ಜಿ ಹಾಕೋಕ್ಕಿಂತ ಮೊದಲ ದಾಖಲೆಗಳೊಳಗ ಹೆಸರು ಒಂದ ಮಾಡ್ಕೋರಿ.

ಗೋಕುಲ ರಸ್ತೆ

ಅರ್ಜಿ ಹಾಕೋದು ಎಲ್ಲಿ ಅನ್ನೋದರಲ್ಲೇ ಎಷ್ಟೋ ಜನ ತಪ್ಪುತ್ತಾರೆ. ಅವಳಿ ನಗರದ ಆಯುಕ್ತಾಲಯದ ವ್ಯಾಪ್ತಿಯಲ್ಲಿ ಲೈಸೆನ್ಸ್ ಪ್ರಾಧಿಕಾರ ಪೊಲೀಸ್ ಆಯುಕ್ತರು, ಕಚೇರಿ ನವನಗರದಲ್ಲಿ. ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ, ಅಳ್ನಾವರ ಎಲ್ಲ ಧಾರವಾಡದ ಜಿಲ್ಲಾಧಿಕಾರಿಗೆ ಸೇರುತ್ತವೆ.

ಗೊಂದಲ ಇರೋದು ಅಂಚಿನ ಹಳ್ಳಿಗಳಲ್ಲಿ. ವರೂರು, ಛಬ್ಬಿ ಕಡೆಯವರ ವಿಳಾಸದಲ್ಲಿ ‘ಹುಬ್ಬಳ್ಳಿ ತಾಲೂಕು’ ಅಂತಿರುತ್ತೆ, ಆದರೆ ಠಾಣೆ ಹುಬ್ಬಳ್ಳಿ ಗ್ರಾಮೀಣ. ಅದು ಜಿಲ್ಲಾ ಪೊಲೀಸರದ್ದು, ಆಯುಕ್ತಾಲಯದ್ದಲ್ಲ. ಅರ್ಜಿಯ ಎ-1 ನಮೂನೆಯಲ್ಲಿ ಹತ್ತಿರದ ಠಾಣೆ ಅನ್ನೋ ಕಾಲಂ ಇದೆ, ಅಲ್ಲಿ ತಪ್ಪು ಠಾಣೆ ತುಂಬಿದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲು ಬರೆಸಿಕೊಳ್ಳಲಿಕ್ಕೇ ತಿಂಗಳು ಹೋಗುತ್ತೆ. ಪಿನ್ ಕೋಡ್ ನೋಡಿ ಠಾಣೆ ಊಹಿಸಬೇಡಿ. ಬೀಟ್ ಪೊಲೀಸರನ್ನ ಕೇಳಿ ಖಚಿತ ಮಾಡಿಕೊಂಡು ತುಂಬಿ.

ಬ್ಯಾಡಗಿ ಅಡತಿ

ಕಾರಣದ ಕಾಲಂ ಬಗ್ಗೆ ಯಾರಾದರೂ ಬಿಡಿಸಿ ಹೇಳ್ರಿ. ‘ಜೀವ ರಕ್ಷಣೆಗಾಗಿ’ ಅಂತ ಎರಡು ಶಬ್ದ ಬರೆದು ಕೊಟ್ಟಿದ್ದ ಅರ್ಜಿಗಳೆಲ್ಲ ‘ಬೆದರಿಕೆ ಕಂಡುಬರುವುದಿಲ್ಲ’ ಅನ್ನೋ ವರದಿ ಹೊತ್ಕೊಂಡು ಬರ್ತಾವ. ಮೆಣಸಿನಕಾಯಿ ಸುಗ್ಗಿಯೊಳಗ ಮಾರ್ಕೆಟ್ಟಿನ್ಯಾಗ ರೊಕ್ಕದ ವ್ಯವಹಾರ ಎಷ್ಟಿರತದ ಅಂತ ಎಲ್ಲರಿಗೂ ಗೊತ್ತದ, ಆದ್ರ ಅರ್ಜಿಯೊಳಗ ಅದನ್ನ ಹೆಂಗ ತೋರಿಸಬೇಕು?

ವಕೀಲಿ ಮೇಜು, ಧಾರವಾಡ

ಕಾಯ್ದೆ ಬಂದೂಕುಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸಿದೆ. 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನಯನಳಿಕೆ (ಒಳಗೆ ಸುರುಳಿ ಗೀರಿಲ್ಲದ) ಬಂದೂಕು ರಕ್ಷಣೆ ಅಥವಾ ಕ್ರೀಡೆಗೆ, ಮದ್ದು ಗಿಡಿಯುವ ಬಂದೂಕು ಬೆಳೆ ರಕ್ಷಣೆಗೆ: ಇವು 13ನೇ ಕಲಂ 3ನೇ ಉಪಕಲಮಿನ ಮೊದಲ ಭಾಗದಲ್ಲಿ ಬರುತ್ತವೆ. 14ನೇ ಕಲಮಿನ ಅಡ್ಡಿ ಇಲ್ಲದಿದ್ದರೆ ಇವನ್ನು ಕೊಡಬೇಕೆಂಬುದೇ ಅಲ್ಲಿಯ ಧಾಟಿ. ಪಿಸ್ತೂಲ್, ರಿವಾಲ್ವರ್ ಎರಡನೇ ಭಾಗದವು. ಅವಕ್ಕೆ ‘ಸಕಾರಣ’ ಇದೆ ಎಂದು ಪ್ರಾಧಿಕಾರಕ್ಕೆ ಮನವರಿಕೆ ಆಗಬೇಕು. ಡಬಲ್ ಬ್ಯಾರಲ್ ಸಿಕ್ಕವನಿಗೆ ಪಿಸ್ತೂಲ್ ಸಿಗದಿರುವುದು ತಾರತಮ್ಯ ಅಂತ ವಾದಿಸುವವರು ಈ ವ್ಯತ್ಯಾಸ ನೋಡಿರುವುದಿಲ್ಲ.

2016ರ ನಿಯಮ 12ರಲ್ಲಿ ಪರಿಗಣಿಸಬೇಕಾದವರ ಮೂರು ಗುಂಪುಗಳಿವೆ. ವ್ಯಾಪಾರ, ವೃತ್ತಿ, ಉದ್ಯೋಗದ ಸ್ವರೂಪದಿಂದಲೇ ಜೀವ ಅಥವಾ ಆಸ್ತಿ ರಕ್ಷಣೆಯ ನಿಜ ಅಗತ್ಯ ಇರುವವರು. ಕನಿಷ್ಠ ಎರಡು ವರ್ಷದಿಂದ ಶೂಟಿಂಗ್ ಕ್ಲಬ್ ಅಥವಾ ರೈಫಲ್ ಸಂಸ್ಥೆಯ ಸಕ್ರಿಯ ಸದಸ್ಯರಾದ ಕ್ರೀಡಾಪಟುಗಳು. ಸೇನೆ, ಅರೆಸೇನೆ, ರಾಜ್ಯ ಪೊಲೀಸ್‌ನಲ್ಲಿ ಇರುವ ಅಥವಾ ಇದ್ದು ಬಂದ, ಅಂಥದ್ದೇ ಅಗತ್ಯವಿರುವವರು.

ಅಡತಿದಾರರು ಮೊದಲ ಗುಂಪಿಗೆ ಬರುತ್ತಾರೆ. ಆಗ ಕಾರಣದ ಪುಟ ಹೀಗಿರಲಿ: ಎ.ಪಿ.ಎಂ.ಸಿ. ಲೈಸೆನ್ಸ್ ಪ್ರತಿ, ಜಿ.ಎಸ್.ಟಿ. ರಿಟರ್ನ್, ಸುಗ್ಗಿಯ ತಿಂಗಳುಗಳ ಬ್ಯಾಂಕ್ ಪಾಸ್‌ಬುಕ್ಕಿನ ನಗದು ಪಡೆದ ಪುಟಗಳು, ಬ್ಯಾಂಕಿನಿಂದ ಮಳಿಗೆಗೆ, ಮಳಿಗೆಯಿಂದ ಮನೆಗೆ ಓಡಾಡುವ ಹೊತ್ತು ಮತ್ತು ದಾರಿ. ಹಿಂದೆ ಸುಲಿಗೆ ಅಥವಾ ಬೆದರಿಕೆ ಆಗಿದ್ದರೆ ಎಫ್.ಐ.ಆರ್. ನಕಲು, ಅದಿಲ್ಲದಿದ್ದರೆ ಠಾಣೆಗೆ ಕೊಟ್ಟ ದೂರಿನ ಸ್ವೀಕೃತಿ. ಬಾಯಿಮಾತಿನ ಬೆದರಿಕೆಗೆ ಕಡತದಲ್ಲಿ ಜಾಗ ಇಲ್ಲ.

ಒಂದು ಎಚ್ಚರಿಕೆ. ಆದಾಯ ತೆರಿಗೆ ಕಾನೂನಿನಂತೆ ಒಬ್ಬರಿಂದ ಒಂದೇ ದಿನ ₹2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಬಂದೂಕಿನ ಅಗತ್ಯ ದೊಡ್ಡದಾಗಿ ಕಾಣಲಿ ಅಂತ ‘ದಿನಾ ಹತ್ತು ಲಕ್ಷ ನಗದು ತರುತ್ತೇನೆ’ ಎಂದು ಬರೆದರೆ ಆ ಕಾಗದ ಬೇರೆ ಕಚೇರಿಯ ಮೇಜಿಗೂ ಹೋಗಬಹುದು. ಇದ್ದದ್ದನ್ನು ಇದ್ದಷ್ಟೇ ಬರೆಯಿರಿ.

ಹಿಂದೆ ಅರ್ಜಿ ತಿರಸ್ಕಾರವಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಮುಖ್ಯ ಮಾಹಿತಿ ಮರೆಮಾಚಿ ಪಡೆದ ಲೈಸೆನ್ಸನ್ನು 17ನೇ ಕಲಂ ಅಡಿ ರದ್ದು ಮಾಡಬಹುದು. ಸಿಕ್ಕ ಮೇಲೆ ಕಳೆದುಕೊಳ್ಳುವುದು ಸಿಗದಿರುವುದಕ್ಕಿಂತ ಕಷ್ಟ.

ಹಳೇ ಟಪಾಲು

ಅದರ ಜೋಡಿ ಇನ್ನೊಂದು ಮಾತು. ಕೆಲವು ಮೇಜುಗಳ ಮ್ಯಾಲ ‘ಹೊಲದ ಉತಾರ ತಂದಿಲ್ಲ, ಆಸ್ತಿ ಸಾಕಾಗಂಗಿಲ್ಲ’ ಅಂತ ತಿರುಗಿ ಕಳಿಸೋ ರೂಢಿ ಐತಿ. ಸಾಕಷ್ಟು ಆಸ್ತಿ ಇಲ್ಲ ಅನ್ನೋದೊಂದ ಕಾರಣಕ್ಕ ಲೈಸೆನ್ಸ್ ನಿರಾಕರಿಸಬಾರದು ಅಂತ 14ನೇ ಕಲಂ 2ನೇ ಉಪಕಲಮಿನ್ಯಾಗ ಸ್ಪಷ್ಟ ಅದ. ಉತಾರ ಇದ್ರ ಹಚ್ರಿ. ಇಲ್ಲದಿದ್ರ ಆ ಕಲಂ ಬರೆದ ಒಂದು ಸಾಲಿನ ಉತ್ತರ ಕೊಟ್ಟು ಟಪಾಲಿನ್ಯಾಗ ಸಿಕ್ಕಾ ಹಾಕಿಸ್ಕೋರಿ.

ಸಪ್ತಾಪುರ

ವೈದ್ಯಕೀಯ ಪ್ರಮಾಣಪತ್ರದ ವಿಚಾರ ಬಿಟ್ಟು ಹೋಗಿದೆ. ಎಸ್-3 ನಮೂನೆಯಲ್ಲಿ ಬೇಕು, ದೈಹಿಕದ ಜೊತೆಗೆ ಮಾನಸಿಕ ಆರೋಗ್ಯವೂ ಅದರಲ್ಲಿ ಬರಬೇಕು. ಮನೆ ಹತ್ತಿರದ ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ‘ಫಿಟ್’ ಅಂತ ಬರೆದುಕೊಟ್ಟದ್ದು ನಡೆಯುವುದಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದರಿಂದ ಮನೋವೈದ್ಯರ ತಪಾಸಣೆಗೆ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಗದಗ, ಹಾವೇರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ವಿಚಾರಿಸಿ. ಖಾಲಿ ನಮೂನೆ ನೀವೇ ಮುದ್ರಿಸಿಕೊಂಡು ಹೋಗಿ. ಅಲ್ಲಿ ಆ ನಮೂನೆ ಇಟ್ಟುಕೊಂಡು ಕೂತಿರುವುದಿಲ್ಲ.

ತಪ್ಪುವುದು ಇಲ್ಲಿ: ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟು, ಉಳಿದ ಕಾಗದ ಕೂಡಿಸಲು ಆರು ತಿಂಗಳು ಕಳೆದು ಆಮೇಲೆ ಅರ್ಜಿ ಹಾಕುತ್ತಾರೆ. ಹಳೆಯದಾಯಿತು, ಹೊಸದು ತನ್ನಿ ಅಂತ ಬರುತ್ತದೆ. ಇದನ್ನು ಕೊನೆಯ ಕಾಗದವಾಗಿ ಇಟ್ಟುಕೊಳ್ಳಿ.

ಶಸ್ತ್ರ ಸುರಕ್ಷತೆ ತರಬೇತಿಯ ಪ್ರಮಾಣಪತ್ರ ಎಸ್-1ರಲ್ಲಿ. ಬಂದೂಕು ಮತ್ತು ಗುಂಡುಗಳನ್ನು ಮನೆಯಲ್ಲಿ ಎಲ್ಲಿ, ಹೇಗೆ ಬೀಗ ಹಾಕಿ ಇಡುತ್ತೀರಿ ಎಂಬ ಮುಚ್ಚಳಿಕೆಯೂ ಬೇಕು. ಸ್ಥಾನಿಕ ಚೌಕಶಿಗೆ ಬಂದವರು ಆ ಜಾಗ ತೋರಿಸಿ ಅಂದರೆ ತೋರಿಸುವಂತಿರಬೇಕು. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ ಮುಂಚೆಯೇ ಕೂರಿಸಿ. ಗುಂಡಿಗೆ ಬೇರೆ ಬೀಗ, ಬೇರೆ ಕೀಲಿ. ಇದು ಅಧಿಕಾರಿ ಕೇಳುತ್ತಾರೆ ಅಂತ ಮಾಡುವ ಕೆಲಸವಲ್ಲ, ಮನೆಯಲ್ಲಿ ಮಕ್ಕಳಿರುತ್ತಾರೆ.

ಕಪ್ಪತಗುಡ್ಡದ ಅಂಚು

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕಿನವರಿಗೆ ಒಂದು ಬೇರೆ ಗಂಟು ಅದ, ಅದನ್ನ ಯಾರೂ ಮೊದಲ ಹೇಳಂಗಿಲ್ಲ.

ಕಪ್ಪತಗುಡ್ಡ 2019ರಾಗ ವನ್ಯಜೀವಿಧಾಮ ಆತು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 34ನೇ ಕಲಂ ಪ್ರಕಾರ ಯಾವುದೇ ವನ್ಯಜೀವಿಧಾಮದ 10 ಕಿಲೋಮೀಟರ್ ಒಳಗ ಹೊಸ ಶಸ್ತ್ರ ಲೈಸೆನ್ಸ್ ಕೊಡಬೇಕಂದ್ರ ಮುಖ್ಯ ವನ್ಯಜೀವಿ ವಾರ್ಡನ್ ಅವರ ಪೂರ್ವಾನುಮತಿ ಬೇಕು. ಹತ್ತು ಕಿಲೋಮೀಟರ್ ಅಂದ್ರ ಗುಡ್ಡದ ಬುಡದ ಹಳ್ಳಿಗಳಷ್ಟ ಅಲ್ಲ. ಡೋಣಿ, ಡಂಬಳ ದಾಟಿ ಎಷ್ಟೋ ಊರು ಅದರೊಳಗ ಬೀಳ್ತಾವ. ಹಾವೇರಿ ಜಿಲ್ಲಾದಾಗ ರಾಣೆಬೆನ್ನೂರು ಕೃಷ್ಣಮೃಗ ವನ್ಯಜೀವಿಧಾಮದ ಸುತ್ತಲೂ ಇದೇ ಲೆಕ್ಕ. ಅದು 1974ರಿಂದ ಅದ.

ಕಲಮಿನ್ಯಾಗ ‘ಬೆಳೆ ರಕ್ಷಣೆಯ ಬಂದೂಕು’ ಅಂತ ಬ್ಯಾರೆ ಮಾಡಿಲ್ಲ, ಶಸ್ತ್ರಾಸ್ತ್ರ ಕಾಯ್ದೆಯ ಯಾವುದೇ ಹೊಸ ಲೈಸೆನ್ಸ್ ಅದರೊಳಗ ಬರತದ. ಹಂಗಾಗಿ ಪೊಲೀಸ್ ವರದಿ ಸರಿಯಾಗಿ ಬಂದ ಮ್ಯಾಲೂ ಕಡತ ಅರಣ್ಯ ಇಲಾಖೆ ಕಡೆ ತಿರುಗತದ, ಆ ಹಾದಿ ಬೆಂಗಳೂರುತನಕ ಅದ. ಅರ್ಜಿದಾರಗ ಅದರ ಸುದ್ದಿನ ಇರಂಗಿಲ್ಲ, ಠಾಣೆಗೆ ತಿರುಗಿಕೋತ ಇರ್ತಾನ.

ಏನು ಮಾಡಬೇಕು? ಅರ್ಜಿ ಜೋಡಿ ನಿಮ್ಮ ಮನೆಯ ಸರ್ವೆ ನಂಬರ್ ಹಾಕಿದ ಗ್ರಾಮ ನಕಾಶೆ ಹಚ್ರಿ. ವನ್ಯಜೀವಿಧಾಮದ ಗಡಿಯಿಂದ ದೂರ ಎಷ್ಟು ಅಂತ ವಲಯ ಅರಣ್ಯಾಧಿಕಾರಿ ಕಚೇರಿಗೆ ಮೊದಲ ಅರ್ಜಿ ಕೊಟ್ಟು ಹಿಂಬರಹ ತಗೋರಿ. ಹನ್ನೊಂದು ಕಿಲೋಮೀಟರ್ ಅಂತ ಬರೆದು ಬಂದ್ರ ಆ ಸುತ್ತು ಪೂರಾ ತಪ್ಪತದ. ಒಳಗ ಬಿದ್ರ, ಅರಣ್ಯದ ಕಡೆ ಪತ್ರ ಹೋದ ತಾರೀಖು, ನಂಬರ್ ಹಿಡಕೊಂಡು ಅಲ್ಲಿ ಬೆನ್ನುಹತ್ರಿ.

ಹಳೇ ಲೈಸೆನ್ಸ್ ಇದ್ದವರಿಗೂ ಅದೇ ಕಲಮಿನ ಕೆಲಸ ಅದ. ವನ್ಯಜೀವಿಧಾಮ ಘೋಷಣೆ ಆದ ಮೂರು ತಿಂಗಳೊಳಗ 10 ಕಿಲೋಮೀಟರ್ ಒಳಗಿನ ಲೈಸೆನ್ಸುದಾರರು ಹೆಸರು ನೋಂದಾಯಿಸಬೇಕು. ಮಾಡದವರ ನವೀಕರಣ ಬಂದಾಗ ಇದು ತಲೆ ಎತ್ತಬಹುದು.

ದುಂಡಶಿ ರೈತ

ಹಂದಿ ಕಾಟಕ್ಕೆ ಪಿಸ್ತೂಲ್ ಕೇಳುವವರೂ ಇದ್ದಾರೆ. ಅದು ಆಗದ ಮಾತು. ಬೆಳೆ ರಕ್ಷಣೆಗೆ ಕಾಯ್ದೆ ಹೇಳುವುದು ಮದ್ದು ಗಿಡಿಯುವ ಬಂದೂಕು, ಅದು ಸಾಲದಿದ್ದರೆ ಬೇರೆ ನಯನಳಿಕೆ ಬಂದೂಕು. ಪಿಸ್ತೂಲಿನ ಅರ್ಜಿಯಲ್ಲಿ ‘ಬೆಳೆ ರಕ್ಷಣೆ’ ಎಂದು ಬರೆದರೆ ತಿರಸ್ಕಾರಕ್ಕೆ ನಾವೇ ಕಾರಣ ಕೊಟ್ಟಂತೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಅನುಮತಿಯೂ ಸಿಗುವುದಿಲ್ಲ. ಅದು ಅರಣ್ಯ ಇಲಾಖೆಯ ಬೇರೆ ಆದೇಶ.

ಕೇಶ್ವಾಪುರ ನಿವಾಸಿ

ಎಲ್ಲರೂ ವಿಳಂಬದ ವಿರುದ್ಧ ಮಾತಾಡುತ್ತಿದ್ದೀರಿ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಪಿಸ್ತೂಲ್ ಅಂದರೆ ಜೇಬಿನಲ್ಲಿ ಕೂರುವ ವಸ್ತು. ಮನೆ ಜಗಳ, ಕುಡಿತ, ಮದುವೆ ಮೆರವಣಿಗೆ, ಎಲ್ಲ ಕಡೆ ಕೈಗೆ ಸಿಗುತ್ತದೆ. ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು ತಡೆಯಲಿಕ್ಕೇ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ, ಅಥವಾ ಎರಡೂ ಅಂತ ಸೇರಿಸಬೇಕಾಯಿತು. ಅದೇ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಠಾಣೆಯವರು ಮನೆಗೆ ಬಂದು, ಅಕ್ಕಪಕ್ಕದವರನ್ನು ಕೇಳಿ, ಹೆಂಡತಿಯ ಮಾತನ್ನೂ ಕೇಳಿ ವರದಿ ಬರೆಯಬೇಕು. ಅದಕ್ಕೆ ಹೊತ್ತು ಹಿಡಿದರೆ ಹಿಡಿಯಲಿ.

ವಕೀಲಿ ಮೇಜು, ಧಾರವಾಡ

ಚೌಕಶಿ ಗಟ್ಟಿಯಾಗಲಿ ಅನ್ನುವುದರಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಆದರೆ ಮೇಜಿನ ಮೇಲೆ ಬಿದ್ದ ಕಡತ ಯಾರನ್ನೂ ಚೌಕಶಿ ಮಾಡುವುದಿಲ್ಲ. ಮನೆಗೆ ಹೋಗಿ ನಾಲ್ಕು ಜನರನ್ನು ಕೇಳಲು 30 ದಿನ ಸಾಕು. ಹೆಂಡತಿ, ನೆರೆಯವರು ಬೇಡ ಅಂದಿದ್ದರೆ ಅದನ್ನೇ ಕಾರಣವಾಗಿ ಬರೆದು ನಿರಾಕರಿಸಲಿ, ಆ ಆದೇಶ ಮೇಲ್ಮನವಿಯಲ್ಲೂ ನಿಲ್ಲುತ್ತದೆ. ಎರಡು ವರ್ಷ ಸುಮ್ಮನಿಟ್ಟ ಕಡತದ ವರದಿ ಮಾತ್ರ ಎರಡು ವರ್ಷ ಹಳೆಯದು. ಆ ನಡುವೆ ಅರ್ಜಿದಾರನ ಮೇಲೆ ಪ್ರಕರಣ ದಾಖಲಾಗಿದ್ದರೂ ಅದು ಅದರಲ್ಲಿ ಇರುವುದಿಲ್ಲ. ವಿಳಂಬದಿಂದ ಸುರಕ್ಷತೆ ಹೆಚ್ಚುವುದಿಲ್ಲ, ತಗ್ಗುತ್ತದೆ.

ಕೇಶ್ವಾಪುರ ನಿವಾಸಿ

ವರದಿ ಹಳತಾಗುವ ಮಾತು ಸರಿ. ಅದನ್ನು ಒಪ್ಪುತ್ತೇನೆ. ಸಂಖ್ಯೆ ಕಡಿಮೆ ಇರಲಿ ಅನ್ನುವ ಅಭಿಪ್ರಾಯ ಮಾತ್ರ ಬದಲಿಸುವುದಿಲ್ಲ.

ಲಕ್ಕುಂಡಿ ದಾರಿ

ತಂದೆಯ ಕಾಲದ ಲೈಸೆನ್ಸ್ ಇರುವ ಮನೆಗಳಿಗಾಗಿ ಎರಡು ಮಾತು.

ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಲೈಸೆನ್ಸ್ ಪುಸ್ತಕಗಳ ಮೇಲೆ ಧಾರವಾಡದ ನಂಬರ್ ಇರುತ್ತದೆ. ಮೂಲ ಕಡತ ಸಿಗದೆ ಕೆಲಸ ನಿಂತರೆ ಮೊದಲು ಪತ್ತೆ ಮಾಡಬೇಕಾದ್ದು ಅದು ಈಗ ಯಾವ ಜಿಲ್ಲೆಯ ದಾಖಲೆ ಕೋಣೆಯಲ್ಲಿದೆ ಅನ್ನುವುದನ್ನು. ಪುಸ್ತಕದ ಎಲ್ಲ ಪುಟಗಳ, ನವೀಕರಣದ ಮೊಹರುಗಳ ಜೆರಾಕ್ಸ್ ಎರಡು ಪ್ರತಿ ಮಾಡಿಟ್ಟುಕೊಳ್ಳಿ.

ಶಸ್ತ್ರ ಲೈಸೆನ್ಸುಗಳ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ, ಎಲ್ಲರೂ ಯು.ಐ.ಎನ್. ಅನ್ನುವುದು, ಆಗಿದೆಯೇ ನೋಡಿ. ಅದಿಲ್ಲದ ಲೈಸೆನ್ಸ್ ಊರ್ಜಿತವಲ್ಲ. ಗಡುವು ಹಲವು ಬಾರಿ ಮುಂದೂಡಿ ಕೊನೆಗೆ 2020ರ ಜೂನ್ 29ಕ್ಕೆ ನಿಂತಿತು. ಅಜ್ಜನ ಪೆಟ್ಟಿಗೆಯಲ್ಲಿ ಪುಸ್ತಕ ಇದೆ, ಬಂದೂಕು ಇದೆ, ಯು.ಐ.ಎನ್. ಇಲ್ಲ ಅಂದರೆ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. 21ನೇ ಕಲಂ ಪ್ರಕಾರ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀತಿ ತೆಗೆದುಕೊಳ್ಳಿ, ಆಮೇಲೆ ಅರ್ಜಿ ಮಾಡಿ.

ವಾರಸುದಾರರಿಗೆ ವರ್ಗ ಮಾಡಲು ತಂದೆ ತೀರಿಕೊಳ್ಳುವವರೆಗೆ ಕಾಯಬೇಕಿಲ್ಲ. ನಿಯಮ 25ರಂತೆ ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಆ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ಯಾವುದು ಮೊದಲೋ ಅದು, ಅವರು ಸೂಚಿಸಿದ ವಾರಸುದಾರರ ಹೆಸರಿಗೆ ಪರಿಗಣಿಸಬಹುದು. ತೊಡಕು ಬರುವುದು ಅಕ್ಕತಂಗಿಯರ ಒಪ್ಪಿಗೆ ಪತ್ರದಲ್ಲಿ. ವಂಶವೃಕ್ಷದಲ್ಲಿ ಎಷ್ಟು ಹೆಸರಿವೆಯೋ ಅಷ್ಟೂ ಜನರ ನಿರಾಕ್ಷೇಪಣೆ ಜೊತೆಗಿರಲಿ. ಒಬ್ಬರದು ಬಿಟ್ಟರೂ ಕಡತ ವಾಪಸ್.

ನವೀಕರಣ ಈಗ ಐದು ವರ್ಷಕ್ಕೊಮ್ಮೆ, 2019ರ ತಿದ್ದುಪಡಿಗೆ ಮುಂಚೆ ಮೂರು ವರ್ಷ ಇತ್ತು. ಅವಧಿ ಮುಗಿಯುವ ಕನಿಷ್ಠ 60 ದಿನ ಮುಂಚೆ ಅರ್ಜಿ ಕೊಡಿ, ಸ್ವೀಕೃತಿಯನ್ನು ಪುಸ್ತಕದೊಳಗೇ ಇಡಿ.

ಬ್ಯಾಡಗಿ ಅಡತಿ

ಚುನಾವಣೆ ಬಂದಾಗೆಲ್ಲ ಎಲ್ಲರೂ ಬಂದೂಕು ಠಾಣೆಗೆ ಒಯ್ದು ಕೊಡಬೇಕೇನು? 2024ರಾಗ ಲೋಕಸಭೆ ಮುಗೀತು ಅನ್ನೋದರೊಳಗ ಶಿಗ್ಗಾಂವಿ ಉಪಚುನಾವಣೆ ಬಂತು. ಒಂದ ವರ್ಷದಾಗ ಎರಡು ಸಲ.

ಹಳೇ ಟಪಾಲು

ಎಲ್ಲರೂ ಅಂತ ಚುನಾವಣಾ ಆಯೋಗ ಹೇಳಿಲ್ರಿ. ಜಿಲ್ಲಾ ಮಟ್ಟದಾಗ ಪರಿಶೀಲನಾ ಸಮಿತಿ ಕೂತು ಒಬ್ಬೊಬ್ಬರ ಪ್ರಕರಣ ನೋಡಿ ತೀರ್ಮಾನಿಸಬೇಕು. ಜಾಮೀನಿನ ಮ್ಯಾಲ ಇರೋರು, ಅಪರಾಧ ಹಿನ್ನೆಲೆ ಇರೋರು, ಹಿಂದೆ ಗಲಾಟೆಯೊಳಗ ಹೆಸರು ಬಂದವರು, ಇವರ ಬಂದೂಕು ಮುಖ್ಯವಾಗಿ ತರಿಸ್ಕೋಬೇಕು. ಎಲ್ಲರಿಗೂ ಒಂದ ನೋಟಿಸ್ ಕೊಡೋದು ಸುಲಭ ಅಂತ ಹಂಗ ನಡದದ. ವಿನಾಯಿತಿ ಬೇಕಾದವರು ನೋಟಿಸ್ ಬಂದ ಕೂಡಲೇ ಸಮಿತಿಗೆ ಕಾರಣ ಬರೆದು ಅರ್ಜಿ ಕೊಡಬೇಕು, ಕೊನೆ ದಿನ ಕೊಟ್ರ ಓದೋರು ಇರಂಗಿಲ್ಲ. ಬ್ಯಾಂಕ್ ಕಾವಲುಗಾರರು, ರಾಷ್ಟ್ರೀಯ ರೈಫಲ್ ಸಂಸ್ಥೆ ಸದಸ್ಯತ್ವದ ಕ್ರೀಡಾಪಟುಗಳಿಗೆ ವಿನಾಯಿತಿ ಐತಿ.

ಠೇವಣಿ ಇಡೋವಾಗ ರಸೀತಿಯೊಳಗ ಬಂದೂಕಿನ ನಂಬರ್, ಗುಂಡಿನ ಎಣಿಕೆ, ಬಂದೂಕಿನ ಸ್ಥಿತಿ ಮೂರೂ ಬರೆಸ್ರಿ. ಎಣ್ಣಿ ಹಚ್ಚಿ, ಒಣ ಬಟ್ಟಿ ಸುತ್ತಿ ಕೊಡ್ರಿ. ಚೀಲದೊಳಗ ತೇವ ಉಳಿದ್ರ ನಳಿಕಿ ತುಕ್ಕು ಹಿಡೀತದ. ಫಲಿತಾಂಶ ಬಂದು ಒಂದು ವಾರ ಆದ ಮ್ಯಾಲ ವಾಪಸ್ ಕೇಳ್ರಿ.

ಗುರಿ ಹತ್ತು ಮೀಟರ್

ಕ್ರೀಡೆಗಾಗಿ ಪಿಸ್ತೂಲ್ ಬೇಕು ಅನ್ನುವ ಹುಡುಗರು ಮೊದಲ ದಿನವೇ ಲೈಸೆನ್ಸಿಗೆ ಓಡಬೇಕಾಗಿಲ್ಲ. .177 ಬೋರಿನ (ನಳಿಕೆಯ ಒಳಅಳತೆ), 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. 10 ಮೀಟರ್ ಸ್ಪರ್ಧೆಯೆಲ್ಲ ಅದರಲ್ಲೇ. ನಿಯಮ ಕೇಳುವ ಎರಡು ವರ್ಷದ ಸಕ್ರಿಯ ಸದಸ್ಯತ್ವ ಅಲ್ಲಿಯೇ ತುಂಬುತ್ತದೆ. ಹಣ ಕಟ್ಟಿದ ರಸೀತಿ ಇದ್ದರೆ ಸಾಲದು. ಹಾಜರಿ, ಸ್ಪರ್ಧೆಯ ಅಂಕಪಟ್ಟಿ ಕೂಡಿಸಿಡಿ.

ವಕೀಲಿ ಮೇಜು, ಧಾರವಾಡ

ಇನ್ನು ಕರಿಮಣ್ಣು ಅವರ ಮೂಲ ಪ್ರಶ್ನೆಗೆ. ಕಡತ ಎಲ್ಲಿದೆ ಎಂಬುದಕ್ಕೆ ಮಾಹಿತಿ ಹಕ್ಕಿಗಿಂತ ಚುರುಕಾದ ಉಪಕರಣ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಶಬ್ದ ಮೀರಬಾರದು. ಶುಲ್ಕ ₹10. ಎರಡು ಪುಟ ಸಂಕಟ ಬರೆದು ಕಳಿಸಿದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಹೀಗೆ ಬರೆಯಿರಿ:

‘ಇಂಥ ದಿನಾಂಕದ, ಇಂಥ ಸಂಖ್ಯೆಯ ನನ್ನ ಶಸ್ತ್ರ ಲೈಸೆನ್ಸ್ ಅರ್ಜಿಗೆ ಸಂಬಂಧಿಸಿ: ಪೊಲೀಸ್ ವರದಿ ಕೋರಿದ ಪತ್ರದ ಸಂಖ್ಯೆ, ದಿನಾಂಕ ಮತ್ತು ದೃಢೀಕೃತ ಪ್ರತಿ. ವರದಿ ಸ್ವೀಕರಿಸಿದ ದಿನಾಂಕ. ಕಳಿಸಿರುವ ನೆನಪೋಲೆಗಳ ಪ್ರತಿಗಳು. ಕಡತದ ಟಿಪ್ಪಣಿ ಹಾಳೆಗಳ ಪ್ರತಿ. ಈ ದಿನದಂದು ಕಡತ ಯಾರ ಬಳಿ ಇದೆ ಎಂಬುದನ್ನು ತೋರಿಸುವ ಚಲನವಲನ ವಹಿಯ ಪ್ರತಿ.’

‘ಯಾಕೆ ತಡ?’ ಎಂದು ಕೇಳಬೇಡಿ. ಯಾಕೆ ಎಂಬುದು ದಾಖಲೆಯಲ್ಲ, ಉತ್ತರ ಬರುವುದಿಲ್ಲ. 30 ದಿನದಲ್ಲಿ ಉತ್ತರ ಇಲ್ಲದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅನುಭವದ ಮಾತು ಬೇಕಿಲ್ಲ, ವಹಿಯ ಪ್ರತಿ ಕೇಳಿದ ಮೇಲೆ ನೆನಪೋಲೆ ಹೋಗದೇ ಇದ್ದರೆ ಅದು ಬರಹದಲ್ಲಿ ಕಾಣುತ್ತದೆ, ಅಷ್ಟು ಸಾಕು.

ಅದರ ಪ್ರತಿಗಳು ಕೈಗೆ ಬಂದ ಮೇಲೆ 13ನೇ ಕಲಮಿನ ಪರಂತುಕ ಉಲ್ಲೇಖಿಸಿದ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅದಕ್ಕೂ ಉತ್ತರ ಬರದಿದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ. ಅಲ್ಲಿ ‘ಲೈಸೆನ್ಸ್ ಕೊಡಿಸಿ’ ಅಂತ ಕೇಳಬೇಡಿ. ‘ಇಷ್ಟು ವಾರದೊಳಗೆ ನನ್ನ ಅರ್ಜಿಯ ಮೇಲೆ ಆದೇಶ ಮಾಡಲು ನಿರ್ದೇಶಿಸಿ’ ಅಂತ ಕೇಳಿ. ಕೇಳಿಕೆ ಚಿಕ್ಕದಿದ್ದಷ್ಟು ಸಿಗುವುದು ಸುಲಭ.

ನಿರಾಕರಣೆ ಆದೇಶವೇ ಬಂದರೆ 18ನೇ ಕಲಂ ಅಡಿ ಮೇಲ್ಮನವಿಗೆ 30 ದಿನ. ಜಿಲ್ಲಾಧಿಕಾರಿ ಆದೇಶದ ಮೇಲೆ ಬೆಳಗಾವಿಯ ಪ್ರಾದೇಶಿಕ ಆಯುಕ್ತರ ಮುಂದೆ, ಪೊಲೀಸ್ ಆಯುಕ್ತರ ಆದೇಶದ ಮೇಲೆ ರಾಜ್ಯ ಸರಕಾರದ ಮುಂದೆ. ತಡವಾದರೆ ಸಾಕಷ್ಟು ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ಆದೇಶ ತಲುಪಿದ ಲಕೋಟೆಯನ್ನು ಬಿಸಾಡಬೇಡಿ, ಅದು ಯಾವಾಗ ಬಂತು ಎಂಬುದಕ್ಕೆ ಅದರ ಮೇಲಿನ ಮೊಹರೇ ಸಾಕ್ಷಿ.

ಗೋಕುಲ ರಸ್ತೆ

ಮಂಜೂರಾದ ಮೇಲೂ ಎರಡು ಕಡೆ ಎಡವುತ್ತಾರೆ. ಪುಸ್ತಕ ಕೈಗೆ ಬಂದ ಕ್ಷಣ ಬೋರ್, ವಿಳಾಸ, ವ್ಯಾಪ್ತಿ ಮತ್ತು ಗುಂಡಿನ ಎರಡು ಕಾಲಂ ಓದಿ. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಬೇರೆ ಬೇರೆ ಇರುತ್ತವೆ. ಖಾಲಿ ಬಿಟ್ಟಿದ್ದರೆ ಅಂಗಡಿಯವರು ಒಂದು ಗುಂಡೂ ಕೊಡುವುದಿಲ್ಲ, ತಿದ್ದುಪಡಿಗೆ ಮತ್ತೆ ಅದೇ ಮೇಜು. ಖರೀದಿಗೆ ಕೊಟ್ಟ ಕೊನೆಯ ದಿನಾಂಕವನ್ನೂ ನೋಡಿ. ಕೊಳ್ಳುವುದು ತಡವಾಗುತ್ತದೆ ಅನಿಸಿದರೆ ಅದು ಮುಗಿಯುವ ಮೊದಲು ವಿಸ್ತರಣೆ ಕೇಳಬೇಕು.

ಖಾಸಗಿ ಲೈಸೆನ್ಸುದಾರರಿಂದ ಹಳೆಯದನ್ನು ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣಾಧಿಕಾರಿಗೆ ಲಿಖಿತ ತಿಳುವಳಿಕೆ ಕೊಟ್ಟು 45 ದಿನ ಕಳೆದ ಮೇಲೆಯೇ ಕೈಬದಲು. ಮುಂಗಡ ಕೊಟ್ಟು ಬಂದೂಕು ಮನೆಗೆ ತಂದಿಟ್ಟುಕೊಂಡರೆ ಇಬ್ಬರೂ ಸಿಕ್ಕಿಬೀಳುತ್ತಾರೆ.

ಕರಿಮಣ್ಣು, ಕುಂದಗೋಳ

ಭಾಳ ಉಪಕಾರ ಆತ್ರಿ ಎಲ್ಲರದೂ. ಒಂದ ಉಳದದ. ಮಾಹಿತಿ ಹಕ್ಕಿನ ಅರ್ಜಿ ಡಿ.ಸಿ. ಕಚೇರಿಗೆ ಹಾಕೋದೋ, ಎಸ್.ಪಿ. ಕಚೇರಿಗೋ?

ಹಳೇ ಟಪಾಲು

ಎರಡಕ್ಕೂ, ಒಂದ ದಿನ, ಬೇರೆ ಬೇರೆ ಅರ್ಜಿ. ಡಿ.ಸಿ. ಕಚೇರಿಗೆ ‘ಯಾವಾಗ ಕೇಳಿದ್ರಿ, ಯಾವಾಗ ಬಂತು’, ಎಸ್.ಪಿ. ಕಚೇರಿಗೆ ‘ಯಾವಾಗ ಬಂತು, ಯಾವಾಗ ಕಳಿಸಿದ್ರಿ’. ಎರಡು ಉತ್ತರದ ತಾರೀಖು ಪಕ್ಕಪಕ್ಕ ಇಟ್ಟು ನೋಡ್ರಿ. ಹೊಂದಲಾರದ ತಾರೀಖು ಎಲ್ಲಿ ಸಿಗತದೋ, ಕಡತ ಅಲ್ಲೇ ಕೂತಿರತದ.